ದುಡ್ಡು ಹೋಗಿ ತವರಲ್ಲಿ ಕೂತಿತ್ತು

ಮೊನ್ನೆ ಫೋನಿನಲ್ಲಿ ನೀನು ಮೂರು ಮಾತು ಅಂದೆ. "ನೀವು ಗಡಿಯವರು ಎರಡೂ ಸರಕಾರದಿಂದ ದುಡ್ಡು ತಗೋತೀರಂತೆ, ಹೌದಾ?" ಅಂದೆ. "ಸುಮ್ನೆ ದುಡ್ಡು ಕೊಟ್ಟರೆ ಜನ ದುಡಿಯೋದು ಬಿಡಲ್ವಾ?" ಅಂದೆ. ಇಡುವ ಮುಂಚೆ, "ಮಹಾರಾಷ್ಟ್ರದಲ್ಲಿದ್ದರೂ ನಿನ್ನ ಕನ್ನಡ ಚೆನ್ನಾಗಿದೆ ಕಣೇ" ಅಂದೆ. ನಾನು ರೊಟ್ಟಿ ಬಡಿಯುತ್ತಿದ್ದೆ, ಹೂಂ ಹೂಂ ಅಂದು ಇಟ್ಟುಬಿಟ್ಟೆ. ಆಮೇಲೆ ಮನಸ್ಸು ತಡೆಯಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಕೊನೆಯ ಮಾತಿಗೆ ಮೊದಲು ಉತ್ತರ. ನಮ್ಮದು ಸಾಂಗ್ಲಿ ಜಿಲ್ಲೆ ಜತ್ತ ತಾಲೂಕು, ಉಮದಿ ಕಡೆ. ಸಾಂಗ್ಲಿಗಿಂತ ವಿಜಯಪುರ ನಮಗೆ ಹತ್ತಿರ. ಸಂತೆಗೆ ಚಡಚಣಕ್ಕೆ ಹೋಗುತ್ತೇವೆ. ಇಲ್ಲಿ ಜಗಳ, ಜೋಗುಳ, ಭಜನೆ ಎಲ್ಲ ಕನ್ನಡದಲ್ಲೇ. ನನ್ನ ಮಗಳು ಮೂರನೇ ಇಯತ್ತೆ, ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆ. ನನ್ನ ಕನ್ನಡ ಚೆನ್ನಾಗಿರಲು ನಾನೇನೂ ಕಷ್ಟಪಟ್ಟಿಲ್ಲ. ಕಷ್ಟಪಟ್ಟು ಕಲಿತದ್ದು ಮರಾಠಿ, ಅದೂ ಕಚೇರಿಗಳಿಗೆ ಅಲೆದು.

ಇನ್ನು ದುಡ್ಡಿನ ಮಾತು. ಇಲ್ಲಿ ಬರುವುದು ಮಹಾರಾಷ್ಟ್ರ ಸರಕಾರದ ಲಾಡಕಿ ಬಹೀಣ ಯೋಜನೆಯ ತಿಂಗಳ 1500 ರೂಪಾಯಿ. 2024ರ ಜುಲೈನಿಂದ ಲೆಕ್ಕ. ವರ್ಷದ ಆದಾಯ ಎರಡೂವರೆ ಲಕ್ಷದ ಒಳಗಿರುವ ಮನೆಯ, 21ರಿಂದ 65 ವರ್ಷದ ಹೆಂಗಸರಿಗೆ. ನಮ್ಮ ಅತ್ತೆಗೆ 68, ಹಾಗಾಗಿ ಅವರಿಗೆ ಇದಿಲ್ಲ, ಶ್ರಾವಣಬಾಳ ಪಗಾರ, ಅಂದರೆ ವೃದ್ಧರ ಪಿಂಚಣಿ, 1500 ಬರುತ್ತದೆ. ಇಂಡಿ ತಾಲೂಕಿನ ನನ್ನ ತವರಲ್ಲಿ ಅವ್ವನಿಗೆ ಗೃಹಲಕ್ಷ್ಮಿಯ 2000. ಅಲ್ಲಿ ರೇಷನ್ ಕಾರ್ಡಿನಲ್ಲಿ ಯಜಮಾನಿ ಅಂತ ಯಾರ ಹೆಸರಿದೆಯೋ ಅವರಿಗೆ ಮಾತ್ರ. ಅಣ್ಣನ ಹೆಂಡತಿಗೆ ಏನೂ ಇಲ್ಲ. ಮೊದಲ ಕಂತು ಬಂದಾಗ ಆಕೆ ಒಂದು ವಾರ ಅವ್ವನ ಜೊತೆ ಮಾತೇ ಆಡಲಿಲ್ಲ. ಈಗ ಅವ್ವ ದುಡ್ಡು ಬಂದಾಗಲೆಲ್ಲ 500 ಆಕೆಯ ಕೈಗೆ ಕೊಡುತ್ತಾಳೆ.

ಎರಡೂ ಕಡೆ ತಗೊಳ್ಳೋದು ಹೇಗೆ ಹೇಳು? ಇಲ್ಲಿಯ ರೇಷನ್ ಕಾರ್ಡಿಗೆ ನನ್ನನ್ನು ಸೇರಿಸುವ ಮುಂಚೆ, ಅಲ್ಲಿಯ ಕಾರ್ಡಿನಿಂದ ಹೆಸರು ತೆಗೆದ ಪತ್ರ ತಾ ಅಂದರು. ತಂದು ಕೊಟ್ಟೆ. "ಇದು ಕನ್ನಡದಲ್ಲಿದೆ, ಮರಾಠಿ ಮಾಡಿಸಿಕೊಂಡು ಬಾ" ಅಂದರು. ಅದನ್ನೂ ಮಾಡಿಸಿದೆ. ಬಸ್ಸಿನಲ್ಲೂ ಅಷ್ಟೇ. ಚಡಚಣದಿಂದ ಇಂಡಿ ಕಡೆ ಹೋಗುವ ಬಸ್ಸಿನಲ್ಲಿ ಅವ್ವನದು ಶಕ್ತಿ ಯೋಜನೆ, ದುಡ್ಡಿಲ್ಲ. ಪಕ್ಕದಲ್ಲಿ ಕೂತ ಮಗಳಿಗೆ, ಅಂದರೆ ನನಗೆ, ಪೂರ್ತಿ ಟಿಕೆಟ್, ಯಾಕಂದ್ರೆ ನನ್ನ ಆಧಾರಿನಲ್ಲಿ ಮಹಾರಾಷ್ಟ್ರದ ವಿಳಾಸ. ಇತ್ತ ಬಂದು ಮಹಾರಾಷ್ಟ್ರದ ಸರಕಾರಿ ಲಾಲ್ ಬಸ್ ಹತ್ತಿದರೆ ಹೆಂಗಸರಿಗೆ ಅರ್ಧ ಟಿಕೆಟ್. ಇದರಲ್ಲಿ ಎರಡು ಕಡೆಯ ಲಾಭ ಎಲ್ಲಿದೆ?

ನಿಜವಾದ ಪೇಚು ಬೇರೆ ಇದೆ. ನನ್ನ ಹೆಸರಿನದು.

ಪಿಯುಸಿ ಓದುವಾಗ ನಾನೂ ನೀನೂ ಸ್ಕಾಲರ್‌ಶಿಪ್ಪಿಗೆ ಅಂತ ಖಾತೆ ತೆರೆದಿದ್ದು ನೆನಪಿದೆಯಾ? ಆಗ ಆಧಾರ್ ಜೋಡಿಸಿದ್ದರು. ಮದುವೆಯಾಗಿ ಬಂದ ಮೇಲೆ ಆ ಖಾತೆಯನ್ನು ನಾನು ಮರೆತೇಬಿಟ್ಟೆ. 2024ರಲ್ಲಿ ಅಂಗನವಾಡಿ ಕಾರ್ಯಕರ್ತೆ ಮೊಬೈಲಿನಲ್ಲಿ ನನ್ನ ಅರ್ಜಿ ತುಂಬಿದರು. ಇಲ್ಲಿಯ ಬ್ಯಾಂಕಿನ ಪಾಸ್‌ಬುಕ್ ಕೊಟ್ಟೆ. ರಾಖಿ ಹುಣ್ಣಿಮೆಗೆ ಓಣಿಯ ಹೆಂಗಸರಿಗೆಲ್ಲ 3000 ಜಮಾ ಆಯಿತು. ಟಿಂಗ್ ಟಿಂಗ್ ಅಂತ ಮೆಸೇಜು. ನನಗೆ ಇಲ್ಲ. ಸೆಪ್ಟೆಂಬರಿನಲ್ಲೂ ಇಲ್ಲ. "ನೀನು ಕರ್ನಾಟಕದವಳು, ಅದಕ್ಕೇ ಹೊಡೆದು ಹಾಕಿರ್ತಾರೆ" ಅಂದರು ಒಬ್ಬರು. ನಿಯಮ ಹಾಗಿಲ್ಲ. ಬೇರೆ ರಾಜ್ಯದಲ್ಲಿ ಹುಟ್ಟಿದವಳು ಇಲ್ಲಿಯವರನ್ನು ಮದುವೆಯಾಗಿದ್ದರೆ ಗಂಡನ ಶಾಲೆ ಬಿಟ್ಟ ದಾಖಲೆ ಸಾಕು. ಆದರೂ ಆ ಮಾತು ಕೇಳಿ ಅವತ್ತು ಊಟ ಸೇರಲಿಲ್ಲ. ಒಂಬತ್ತು ವರ್ಷದಿಂದ ಇದೇ ಹೊಲದಲ್ಲಿ ಕಳೆ ತೆಗೆಯುತ್ತಿದ್ದೇನೆ.

ದೀಪಾವಳಿಗೆ ತವರಿಗೆ ಹೋದಾಗ, ನೋಡೋಣ ಅಂತ ಹಳೆಯ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿದೆ. 7500 ರೂಪಾಯಿ! ಐದು ಕಂತೂ ಅಲ್ಲಿ ಕೂತಿತ್ತು. ಅರ್ಜಿಯಲ್ಲಿ ಯಾವ ಖಾತೆ ಬರೆದರೂ ದುಡ್ಡು ಹೋಗುವುದು ಆಧಾರ್ ಜೋಡಣೆಯಾದ ಖಾತೆಗೆ. ಆ ಖಾತೆಯ ಮೊಬೈಲ್ ನಂಬರು ಅಪ್ಪನದು. ಅಪ್ಪ ಹೋಗಿ ಆರು ವರ್ಷ, ಸಿಮ್ಮೂ ಬಂದ್ ಆಗಿದೆ. ಮೆಸೇಜು ಯಾರಿಗೆ ಬರಬೇಕು? ಅಲ್ಲೇ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ದುಡ್ಡು ಸಿಕ್ಕಿತಲ್ಲ ಅಂತ ಅತ್ತೆನೋ ಅಪ್ಪನ ನಂಬರು ನೋಡಿ ಅತ್ತೆನೋ, ಗೊತ್ತಿಲ್ಲ.

ಸರಿ, ಜೋಡಣೆಯನ್ನು ಇಲ್ಲಿಯ ಖಾತೆಗೆ ಬದಲಿಸೋಣ ಅಂತ ಬ್ಯಾಂಕಿಗೆ ಹೋದೆ. ಹೆಸರು ಹೊಂದುತ್ತಿಲ್ಲ ಅಂದರು. ನಾನು ಗೀತಾ. ನಿಮ್ಮ ಕಡೆ, ನನ್ನ ತವರಿನ ಕಡೆ, ಗೀತಾ ಅಂತ ಇಂಗ್ಲಿಷಿನಲ್ಲಿ ಬರೆಯುವಾಗ 'ಟಿ' ಆದ ಮೇಲೆ 'ಎಚ್' ಹಾಕುತ್ತಾರೆ. ಇಲ್ಲಿ 'ಎಚ್' ಇಲ್ಲ. ಮದುವೆಯಾದ ಮೇಲೆ ಆಧಾರಿನಲ್ಲಿ ಗಂಡನ ಹೆಸರು, ಅಡ್ಡಹೆಸರು ಸೇರಿಸಿದ್ದೆ. ವಿಳಾಸ ಬದಲಾದದ್ದಕ್ಕೆ ಕಾರ್ಡಿನ ಮೇಲಿನ ಕನ್ನಡ ಹೋಗಿ ಮರಾಠಿ ಬಂತು. 'ಎಚ್' ಮಾತ್ರ ಹಾಗೇ ಉಳಿಯಿತು. ಅದನ್ನೇ ನೋಡಿ ಕಂಪ್ಯೂಟರು ಮರಾಠಿಯಲ್ಲಿ 'ಗೀಥಾ' ಅಂತ ಮಾಡಿಟ್ಟಿದೆ. ಗೀಥಾ ಅಂತ ಹೆಸರು ಯಾವ ಭಾಷೆಯಲ್ಲಾದರೂ ಇದೆಯಾ? ಕನ್ನಡದಲ್ಲೂ ಗೀತಾ, ಮರಾಠಿಯಲ್ಲೂ ಗೀತಾ. ಇಬ್ಬರ ಬಾಯಲ್ಲೂ ಒಂದೇ ಇರುವ ಹೆಸರು ಮೂರನೇ ಭಾಷೆಯಲ್ಲಿ ಸಿಕ್ಕಿಬಿದ್ದಿತು.

ಆಧಾರಿನಲ್ಲಿ ಹೆಸರು ತಿದ್ದಲು ಎರಡೇ ಸಲ ಅವಕಾಶ. ಒಂದು ಆಗಿಹೋಗಿತ್ತು. ಇದು ಕೊನೆಯದು. ಸೆಂಟರಿಗೆ ಹೋಗುವ ಮುಂಚೆ ಮೂರು ದಿನ ನಿದ್ದೆ ಇಲ್ಲ. ಎಲ್ಲ ಕಾಗದ ನೆಲದ ಮೇಲೆ ಹರಡಿ ಒಂದೊಂದು ಅಕ್ಷರ ಕೂಡಿಸಿ ನೋಡಿದೆ. ಶಾಲೆ ದಾಖಲೆ ಕನ್ನಡ, ರೇಷನ್ ಕಾರ್ಡು ಮರಾಠಿ, ಮದುವೆ ಪತ್ರ ಕನ್ನಡ. ಒಂದು ಕಡೆ "ಕನ್ನಡ ನಮಗೆ ಓದೋಕೆ ಬರಲ್ಲ" ಅಂತ ಕಾಗದ ವಾಪಸ್ ತಳ್ಳಿದರು. ಗಡಿಯಾಚೆ ಮದುವೆ ಪತ್ರದ ನಕಲು ಕೇಳಲು ಹೋದಾಗ, "ನಿಮ್ಮ ಮಹಾರಾಷ್ಟ್ರದಲ್ಲೇ ಕೇಳಿ" ಅಂದರು. 2022ರ ನವೆಂಬರಿನಲ್ಲಿ ಕರ್ನಾಟಕದ ಆಗಿನ ಮುಖ್ಯಮಂತ್ರಿ ಬೊಮ್ಮಾಯಿ ಅವರು ಜತ್ತ ತಾಲೂಕಿನ ಹಳ್ಳಿಗಳನ್ನು ಕರ್ನಾಟಕಕ್ಕೆ ಸೇರಿಸುವ ಮಾತು ಎತ್ತಿದ್ದು ನೆನಪಿದೆಯಾ? ಟಿವಿಯಲ್ಲಿ ದಿನವಿಡೀ ನಾವೇ. ಅವರೂ ನೀವು ನಮ್ಮವರು ಅಂದರು, ಇವರೂ ನಮ್ಮವರು ಅಂದರು. ಅಷ್ಟು ಪ್ರೀತಿ ಇದ್ದರೆ ಎರಡು ಲಿಪಿ ಓದಬಲ್ಲ ಒಬ್ಬರನ್ನು ಕೌಂಟರಿನಲ್ಲಿ ಕೂರಿಸಲಿ. ನಾವು ಬೇರೇನೂ ಕೇಳಿಲ್ಲ.

ಕೊನೆಗೆ ಆಯಿತು. 2025ರಲ್ಲಿ ಲಾಡಕಿ ಬಹೀಣಕ್ಕೆ ಮತ್ತೆ ಇ-ಕೆವೈಸಿ ಬಂತು, ಅದಕ್ಕೆ ಗಂಡನ ಆಧಾರೂ ಬೇಕು, ಅವರ ಮೊಬೈಲಿಗೆ ಬರುವ ಓಟಿಪಿಯೂ ಬೇಕು. ನಮ್ಮ ಮನೆಯವರು ಕಬ್ಬು ಕಡಿಯುವ ಫಡದಲ್ಲಿ, ಅಲ್ಲಿ ರೇಂಜ್ ಇಲ್ಲ. ಅದನ್ನೂ ದಾಟಿದೆವು, ಬಿಡು.

ಈಗ, ಜನ ದುಡಿಯೋದು ಬಿಡಲ್ವಾ ಅಂದೆಯಲ್ಲ. 1500ನ್ನು 30 ದಿನಕ್ಕೆ ಹಂಚಿದರೆ ದಿನಕ್ಕೆ 50 ರೂಪಾಯಿ. ಅದನ್ನು ನಂಬಿ ಯಾರು ಮನೆಯಲ್ಲಿ ಕೂರುತ್ತಾರೆ? ನಮ್ಮದು ಮೂರು ಎಕರೆ ಒಣಬೇಸಾಯ. ಮಳೆ ಹಿಡಿದರೆ ಜೋಳ. ದೀಪಾವಳಿ ಹೊತ್ತಿಗೆ ಕಬ್ಬು ಕಡಿಯಲು ಹೋಗಬೇಕು. ಗಂಡ ಹೆಂಡತಿ ಜೋಡಿಗೆ ಒಂದು ಕೊಯ್ತಾ ಅಂತಾರೆ. ಆಳುಗಳನ್ನು ಕರೆದೊಯ್ಯುವ ಮುಕಾದಮ ಉಚಲ್, ಅಂದರೆ ಮುಂಗಡ, ಕೊಡುವುದು ಕೊಯ್ತಾ ಲೆಕ್ಕದಲ್ಲಿ. ನಾಲ್ಕು ಹಂಗಾಮು ನಾನೂ ಹೋದೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಕಬ್ಬಿನ ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು ಟ್ರ್ಯಾಕ್ಟರಿಗೆ ಹೇರಬೇಕು. ಮಗಳನ್ನು ಒಮ್ಮೆ ಜೊತೆಗೆ ಕರೆದೊಯ್ದೆ, ಆ ವರ್ಷ ಅವಳ ಅಕ್ಷರವೆಲ್ಲ ಮರೆತುಹೋಯಿತು.

ಹೋದ ಹಂಗಾಮಿನಿಂದ ನಾನು ಹೋಗಿಲ್ಲ. ನಮ್ಮ ಮನೆಯವರು ಮೈದುನನನ್ನು ಜೋಡಿ ಮಾಡಿಕೊಂಡು ಹೋದರು. ನಮ್ಮ ಪಾಲಿಗೆ ಉಚಲ್ ಅರ್ಧವಾಯಿತು. ಆ ಅರ್ಧವನ್ನು ಬೇಡ ಅನ್ನುವ ಧೈರ್ಯ ಬಂದದ್ದು ನನ್ನ 1500, ಅತ್ತೆಯ 1500 ಕೂಡಿದ್ದರಿಂದ. ನಾನು ಮನೆಯಲ್ಲಿ ಕೂತಿಲ್ಲ. ಮಗಳು ಶಾಲೆಗೆ ಹೋದ ಮೇಲೆ ದ್ರಾಕ್ಷಿ ತೋಟಕ್ಕೆ ಕೂಲಿಗೆ ಹೋಗುತ್ತೇನೆ, ಸಂಜೆ ಅವಳು ಬರುವಷ್ಟರಲ್ಲಿ ಮನೆಯಲ್ಲಿರುತ್ತೇನೆ.

7500ರಲ್ಲಿ ಏನು ಮಾಡಿದೆ ಗೊತ್ತಾ? ಕಿರಾಣಿ ಅಂಗಡಿಯ ಉದ್ರಿ 2200 ತೀರಿಸಿದೆ. ಅಂಗಡಿಯವರು ವಹಿಯಲ್ಲಿ ನಮ್ಮ ಹೆಸರಿನ ಮೇಲೆ ಗೀಟು ಎಳೆದರು. ಅಲ್ಲಿಯವರೆಗೆ ಎಣ್ಣೆ ಕೇಳಬೇಕಾದರೆ ಗಿರಾಕಿ ಎಲ್ಲ ಹೋಗಲಿ ಅಂತ ಕಾಯುತ್ತಿದ್ದೆ. ಉಳಿದದ್ದರಲ್ಲಿ ಒಂದು ಹೆಣ್ಣು ಆಡಿನ ಮರಿ ತಂದೆ. ಈಗ ಅದು ಎರಡು ಮರಿ ಹಾಕಿದೆ. ತಿಂಗಳಿಗೆ 500 ಭಿಶಿಗೆ, ಅಂದರೆ ಚೀಟಿಗೆ, ಹಾಕುತ್ತೇನೆ. ಅತ್ತೆ ತಮ್ಮ ಸಕ್ಕರೆ ಕಾಯಿಲೆಯ ಗುಳಿಗೆ ತಾವೇ ತರಿಸಿಕೊಳ್ಳುತ್ತಾರೆ. ಮೊದಲು ದಿನ ಬಿಟ್ಟು ದಿನ ನುಂಗುತ್ತಿದ್ದರು, ಮಗನಿಗೆ ಭಾರ ಅಂತ.

ದುಡ್ಡು ತಡವಾಗುತ್ತದೆ, ಅದೂ ನಿಜ. ಇಲ್ಲಿಯೂ, ಅವ್ವನದೂ. ಹಾಗಾಗಿ ಫೈನಾನ್ಸಿನ ಸಾಲದ ಹಪ್ತೆಗೆ ಇದನ್ನು ನಂಬಬೇಡಿ ಅಂತ ಓಣಿಯ ಎಲ್ಲರಿಗೂ ಹೇಳುತ್ತಿರುತ್ತೇನೆ. ಹಪ್ತೆಯವರು ತಾರೀಖಿಗೆ ಸರಿಯಾಗಿ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ.

ಮುಂದಿನ ವಾರ ಮಗಳ ಹೆಸರಿನಲ್ಲಿ ಖಾತೆ ತೆರೆಯಬೇಕು. ಅವಳ ಆಧಾರ್ ಮಾಡಿಸುವಾಗ ನಾನು ಆಪರೇಟರ್ ಬೆನ್ನ ಹಿಂದೆಯೇ ನಿಂತಿದ್ದೆ. ಇಂಗ್ಲಿಷಿನಲ್ಲಿ ಒಂದೊಂದು ಅಕ್ಷರ ಹೇಳಿಸಿದೆ, ಮರಾಠಿಯಲ್ಲಿ ಓದಿ ನೋಡಿದೆ. ಆಮೇಲೆ ಕನ್ನಡ ಶಾಲೆಯ ಹಾಜರಿ ಪುಸ್ತಕದಲ್ಲೂ ಅದೇ ಇದೆಯಾ ಅಂತ ಹೋಗಿ ನೋಡಿ ಬಂದೆ. ಇದೆ. ಛಟ್ಟಿ ಅಮಾವಾಸ್ಯೆಗೆ ಗುಡ್ಡಾಪುರ ದಾನಮ್ಮನ ಜಾತ್ರೆ, ಆಗ ಬಾ. ಅವಳೇ ನಿನಗೆ ಬರೆದು ತೋರಿಸುತ್ತಾಳೆ.