ಅನಾಥಾಲಯಕ್ಕೆ ಹೋಗದೆಯೇ ಸಂಶೋಧನೆ

ಪ್ರಶ್ನೆ: ಎಂ.ಎಸ್.ಡಬ್ಲ್ಯೂ. (ಸಮಾಜಕಾರ್ಯ) ಓದುತ್ತಿದ್ದೇನೆ. ‘ಸ್ವಯಂಸೇವಾ ಪ್ರವಾಸದ ನೈತಿಕತೆ’ (ಶುಲ್ಕ ಕಟ್ಟಿ ಬೇರೆ ಊರಿಗೆ ಹೋಗಿ ಕೆಲದಿನ ಸೇವೆ ಮಾಡಿ ಬರುವ ಪ್ರವಾಸ) ನನ್ನ ಪ್ರಬಂಧದ ವಿಷಯ. ಕಾಂಬೋಡಿಯಾದ ಸಿಯೆಮ್ ರೀಪ್‌ನ ಅನಾಥಾಲಯವೊಂದರಲ್ಲಿ ಎರಡು ವಾರ ಸ್ವಯಂಸೇವಕಿಯಾಗಿದ್ದು ಮಕ್ಕಳನ್ನು ಸಂದರ್ಶಿಸಬಹುದೇ?
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ವಿಷಯ ಒಳ್ಳೆಯದು, ಯೋಜನೆ ಬೇಡ. ಯಾವುದನ್ನು ಪ್ರಶ್ನಿಸಲು ಹೊರಟಿದ್ದೀರೋ ಅದನ್ನೇ ನೀವೂ ಮಾಡಿದಂತಾಗುತ್ತದೆ. ಕಾಂಬೋಡಿಯಾದಲ್ಲಿ 2005ರಲ್ಲಿ 154 ಇದ್ದ ಇಂಥ ನಿಲಯಗಳು 2010ಕ್ಕೆ 269 ಆದವು. ಅಲ್ಲಿದ್ದ ಮಕ್ಕಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ ತಂದೆ ಅಥವಾ ತಾಯಿ ಬದುಕಿದ್ದರು! ಊಟ, ಶಾಲೆ ಸಿಕ್ಕೀತೆಂದು ಬಡವರು ಮಕ್ಕಳನ್ನು ಕಳಿಸಿದರು. ಪ್ರವಾಸಿಗರ ದುಡ್ಡು ಬಂದಷ್ಟೂ ನಿಲಯಗಳು ಬೆಳೆದವು. ಎರಡು ವಾರಕ್ಕೊಬ್ಬರು ಬಂದು ಹಚ್ಚಿಕೊಂಡು ಹೊರಟುಹೋಗುವುದು ಮಕ್ಕಳಿಗೆ ಬೇರೆಯದೇ ಪೆಟ್ಟು. ಮೇಲಾಗಿ, ನಿಲಯದವರ ಎದುರಿಗೆ ಮಗು ‘ಇಲ್ಲಿ ಇಷ್ಟವಿಲ್ಲ’ ಎನ್ನುವುದುಂಟೇ?

ಅದರ ಬದಲು, ಇಂಥ ನಿಲಯಗಳಿಗೆ ಸ್ವಯಂಸೇವಕರಾಗಿ ಹೋಗಿಬಂದ ವಯಸ್ಕರನ್ನು ಮಾತಾಡಿಸಿ. ಹನ್ನೆರಡು–ಹದಿನೈದು ಮಂದಿ, ತಲಾ ಮುಕ್ಕಾಲು ಗಂಟೆ ಸಾಕು. ಅವರ ಹೆಸರುಗಳನ್ನು ಪ್ರವಾಸ ಏರ್ಪಡಿಸುವ ಕಂಪನಿಯಿಂದ ಪಡೆಯಬೇಡಿ, ಹೊಗಳುವವರನ್ನೇ ಆರಿಸಿ ಕೊಡುತ್ತಾರೆ. ಅರ್ಧಕ್ಕೇ ಬಿಟ್ಟುಬಂದವರು ಸಿಕ್ಕರೆ ಬಿಡಬೇಡಿ. ‘ಮಕ್ಕಳಿಗೆ ಉಪಯೋಗವಾಯಿತೇ?’ ಎಂದರೆ ಎಲ್ಲರೂ ‘ಹೌದು’ ಎನ್ನುತ್ತಾರೆ. ಅದರ ಬದಲು ‘ಬೆಳಿಗ್ಗೆಯಿಂದ ಸಂಜೆವರೆಗೆ ಏನು ಮಾಡಿದಿರಿ? ನಿಮಗಿಂತ ಮುಂಚೆ ಅದನ್ನು ಯಾರು ಮಾಡುತ್ತಿದ್ದರು? ಪೊಲೀಸ್ ಪರಿಶೀಲನಾ ಪತ್ರ ಕೇಳಿದರೇ? ಕಟ್ಟಿದ ಶುಲ್ಕದಲ್ಲಿ ನಿಲಯಕ್ಕೆ ಎಷ್ಟು ಹೋಯಿತು?’ ಎಂದು ಕೇಳಿ. ಕೊನೆಯ ಪ್ರಶ್ನೆಗೆ ಬಹಳಷ್ಟು ಸಲ ಉತ್ತರವೇ ಇರುವುದಿಲ್ಲ. ಆ ‘ಗೊತ್ತಿಲ್ಲ’ವನ್ನೂ ಬರೆದುಕೊಳ್ಳಿ, ಅದೂ ದತ್ತಾಂಶವೇ.

ಜೊತೆಗೆ ಹತ್ತಿಪ್ಪತ್ತು ಕಂಪನಿಗಳ ಜಾಹೀರಾತು ಪುಟಗಳನ್ನು ದಿನಾಂಕ ಸಹಿತ ಉಳಿಸಿಟ್ಟುಕೊಂಡು ಕನಿಷ್ಠ ಅವಧಿ, ಬೇಕಾದ ಅರ್ಹತೆ, ಶುಲ್ಕದ ವಿವರ, ಮಕ್ಕಳ ಫೋಟೊ ಬಳಕೆಗಳನ್ನು ಒಂದು ಕೋಷ್ಟಕದಲ್ಲಿ ಹೋಲಿಸಿ. ಆ ಫೋಟೊಗಳನ್ನು ಮಾತ್ರ ಪ್ರಬಂಧದಲ್ಲಿ ಅಚ್ಚು ಹಾಕಬೇಡಿ. ಮುಖ ಮಸುಕು ಮಾಡಿದರೂ ಊರು, ನಿಲಯದ ಫಲಕಗಳಿಂದ ಗುರುತು ಸಿಗುತ್ತದೆ.

ಪ್ರಶ್ನೆ: ಸಂದರ್ಶನದಲ್ಲಿ ಯಾರಾದರೂ ಮಗುವಿನ ಮೇಲಿನ ದೌರ್ಜನ್ಯದ ಸಂಗತಿ ಹೇಳಿದರೆ?

ಉತ್ತರ: ಇದನ್ನು ಮೊದಲೇ ಯೋಚಿಸಿಟ್ಟುಕೊಳ್ಳಿ. ಒಪ್ಪಿಗೆ ಪತ್ರದಲ್ಲಿ ‘ಎಲ್ಲವೂ ಗೌಪ್ಯ’ ಎಂದು ಬರೆದು ಕೈ ಕಟ್ಟಿಹಾಕಿಕೊಳ್ಳಬೇಡಿ. ‘ಮಗುವಿಗೆ ಅಪಾಯವಿದೆಯೆಂದು ತಿಳಿದರೆ ಸಂಬಂಧಪಟ್ಟವರಿಗೆ ತಿಳಿಸಲಾಗುವುದು’ ಎಂಬ ಸಾಲು ಸೇರಿಸಿ. ಪೊಕ್ಸೊ ಕಾಯ್ದೆಯ 19ನೇ ಕಲಮಿನಂತೆ ಮಕ್ಕಳ ಮೇಲಿನ ಲೈಂಗಿಕ ಅಪರಾಧದ ಮಾಹಿತಿ ಸಿಕ್ಕವರು ಪೊಲೀಸರಿಗೆ ತಿಳಿಸಲೇಬೇಕು. ಈ ಸಾಲು, ಪ್ರಶ್ನಾವಳಿ ಎರಡನ್ನೂ ವಿಶ್ವವಿದ್ಯಾಲಯದ ನೈತಿಕತಾ ಸಮಿತಿಯ ಮುಂದಿಟ್ಟು, ಅನುಮತಿ ಕೈಗೆ ಬಂದ ಮೇಲೆಯೇ ಮೊದಲ ಸಂದರ್ಶನ ನಡೆಸಿ.