ಇಂಜಿನ್ ಹುಡುಕುವುದನ್ನು ನಿಲ್ಲಿಸಿ, ಮಳೆಗಾಲಕ್ಕೆ ಮುಂಚೆ ಮರವನ್ನು ಉಳಿಸಿ

ತಾತನ ತೋಟದ ಗೋದಾಮಿನಲ್ಲಿ ಟೈಗರ್ ಮಾತ್ ಎಂಬ ಹಳೆಯ ತರಬೇತಿ ವಿಮಾನದ (ಪ್ರತಿ ಬದಿಗೆ ಮೇಲೊಂದು, ಕೆಳಗೊಂದು ಮರದ ರೆಕ್ಕೆಯದು) ಚೌಕಟ್ಟು ಮತ್ತು ರೆಕ್ಕೆಗಳಿವೆ, ಇಂಜಿನ್ ಎಲ್ಲಿ ಸಿಗುತ್ತದೆ ಎಂದು ಕೇಳಿದ್ದೀರಿ. ಊರು ಸಕಲೇಶಪುರದ ಹತ್ತಿರ ಎಂದು ಓದಿದ ಕೂಡಲೇ ನನ್ನ ಎದೆ ಧಸಕ್ಕೆಂದಿತು. ನಮ್ಮದು ಮೂಡಿಗೆರೆ ಕಡೆ. ನನ್ನ ಚಿಕ್ಕಪ್ಪ ಹರಾಜೊಂದರಲ್ಲಿ ಇದೇ ಜಾತಿಯ ವಿಮಾನದ ಅವಶೇಷ ಕೊಂಡು, ಲಾರಿಯಲ್ಲಿ ಹೇರಿಸಿಕೊಂಡು ಬಂದು ಕಾಫಿ ಗೋದಾಮಿಗೆ ತುಂಬಿದ್ದರು. ಉಕ್ಕಿನ ಕೊಳವೆಗಳ ಒಡಲು, ಬಾಲದ ಭಾಗ, ಎಡಗಡೆಯ ಎರಡು ರೆಕ್ಕೆ. ಬಲಗಡೆಯವು ಹರಾಜಿನಲ್ಲೇ ಇರಲಿಲ್ಲ. ಇಂಜಿನ್ನೂ ಇರಲಿಲ್ಲ.

ನಾವೂ ಇಂಜಿನ್ನಿನ ಹಿಂದೆಯೇ ಬಿದ್ದೆವು. ಗಂಡಸರು ಮೂವರು ಸೇರಿದಾಗಲೆಲ್ಲ ಅದೇ ಮಾತು. ಈಗ ಹೇಳುತ್ತೇನೆ, ಈ ಕೆಲಸದಲ್ಲಿ ಇಂಜಿನ್ ಅತ್ಯಂತ ಸುಲಭದ ಭಾಗ. ಟೈಗರ್ ಮಾತ್‌ನ ಜಿಪ್ಸಿ ಮೇಜರ್ ಇಂಜಿನ್ 130 ಅಶ್ವಶಕ್ತಿಯದು. ನಾಲ್ಕು ಸಿಲಿಂಡರ್ ತಲೆಕೆಳಗಾಗಿ ಕೂತಿರುತ್ತವೆ, ಗಾಳಿಯಿಂದಲೇ ತಣಿಯುತ್ತದೆ, ಪ್ರೊಪೆಲರ್ ಅನ್ನು ಕೈಯಲ್ಲಿ ತಿರುಗಿಸಿ ಚಾಲೂ ಮಾಡಬೇಕು. ಸಾವಿರಾರು ತಯಾರಾಗಿವೆ. ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಇವತ್ತಿಗೂ ಅದನ್ನು ಬಿಚ್ಚಿ ಜೋಡಿಸುವವರಿದ್ದಾರೆ. ಹಣವಿದ್ದರೆ ಬರುತ್ತದೆ. ಹಣ ಕೊಟ್ಟರೂ ಬಾರದ ವಸ್ತು ನಿಮ್ಮ ಗೋದಾಮಿನಲ್ಲೇ ಇದೆ. ನೋಡುವುದಕ್ಕೆ ಅದು ಕಸದಂತೆ ಕಾಣುತ್ತಿರಬಹುದು.

ನಾನು ಅದನ್ನು ಕಸವೆಂದೇ ತಿಳಿದೆ. ಬೆಂಗಳೂರಿನಿಂದ ನಿವೃತ್ತ ವಿಮಾನ ಇಂಜಿನಿಯರ್ ಒಬ್ಬರು ನೋಡಲು ಬರುತ್ತೇನೆ ಎಂದಿದ್ದರು. ಹಿರಿಯರು ಬರುವಾಗ ಎಲ್ಲವೂ ಒಪ್ಪವಾಗಿರಲಿ ಎಂದು ಗೋದಾಮು ಗುಡಿಸಲು ಇಳಿದೆ. ರೆಕ್ಕೆಯ ಬಟ್ಟೆ ಜೋತು ಬಿದ್ದಿತ್ತು. ಒಳಗಿನ ರಿಬ್‌ಗಳು, ಅಂದರೆ ರೆಕ್ಕೆಗೆ ಆಕಾರ ಕೊಡುವ ಮರದ ಪಕ್ಕೆಗಳು, ಹಿಡಿದರೆ ಪುಡಿಯಾಗುತ್ತಿದ್ದವು, ಕೆಳರೆಕ್ಕೆಯ ಸ್ಪಾರ್, ಅಂದರೆ ರೆಕ್ಕೆಯ ಉದ್ದಕ್ಕೂ ಹೋಗುವ ತೊಲೆ, ಬುಡದಲ್ಲಿ ಗೆದ್ದಲು ತಿಂದು ಟೊಳ್ಳಾಗಿತ್ತು. ಮರಕ್ಕೆ ಬೋಲ್ಟ್ ಹಾಕಿ ಬಿಗಿದಿದ್ದ ಉಕ್ಕಿನ ಫಿಟ್ಟಿಂಗ್‌ಗಳನ್ನೆಲ್ಲ ಬಿಚ್ಚಿ ಗೋಣಿಚೀಲಕ್ಕೆ ಹಾಕಿದೆ. ಮರವನ್ನು ಕಡಿದು ಬಚ್ಚಲೊಲೆಯ ಪಕ್ಕ ಒಟ್ಟಿದೆ. ಜುಲೈ ತಿಂಗಳು, ಸೌದೆ ಒದ್ದೆಯಾಗಿತ್ತು. ಹಂಡೆಯ ನೀರು ಕಾಯಿಸಲು ರೆಕ್ಕೆಯ ಮರ ಒಣಗಿದ ಪುಳ್ಳೆಯಾಗಿ ಒದಗಿತು. ಮನೆಯವರೆಲ್ಲ ಮೀಯುವಷ್ಟರಲ್ಲಿ ರೆಕ್ಕೆ ಮುಗಿದಿತ್ತು.

ಆ ಹಿರಿಯರು ಬಂದರು. ಚೀಲದಿಂದ ಫಿಟ್ಟಿಂಗ್‌ಗಳನ್ನು ಒಂದೊಂದಾಗಿ ತೆಗೆದು ಸಾಲಾಗಿ ಜೋಡಿಸಿದರು. ಆಮೇಲೆ ತಲೆಯೆತ್ತಿ, "ಮರ ಎಲ್ಲಿಟ್ಟಿದ್ದೀರಿ?" ಎಂದು ಕೇಳಿದರು. ಚಿಕ್ಕಪ್ಪ ನನ್ನ ಮುಖ ನೋಡಿದರು.

ಕೊಳೆತ ಮರ ಏಕೆ ಬೇಕು ಎಂದು ನಿಮಗೂ ಅನ್ನಿಸಬಹುದು, ಅದಕ್ಕೇ ಬಿಡಿಸಿ ಹೇಳುತ್ತೇನೆ. ಹಳೆಯ ರಿಬ್ ಹೊಸ ರಿಬ್‌ಗೆ ಅಚ್ಚು. ಎಲ್ಲಿ ಸ್ಪ್ರೂಸ್ ಎಂಬ ಹಗುರ ಮರದ ಪಟ್ಟಿ, ಎಲ್ಲಿ ತೆಳು ಪ್ಲೈವುಡ್, ಪ್ಲೈವುಡ್‌ನ ಎಳೆ ಯಾವ ದಿಕ್ಕಿಗೆ, ಮೊಳೆ ಎಷ್ಟು ದೂರಕ್ಕೊಂದು ಎಂಬುದೆಲ್ಲ ಕೊಳೆತ ತುಂಡಿನಲ್ಲೂ ಓದಲು ಸಿಗುತ್ತದೆ. ನಕ್ಷೆಗಳು ಬ್ರಿಟನ್ನಿನಿಂದ ಸಿಗುತ್ತವೆ, ನಿಜ. ಆದರೆ ನಕ್ಷೆ ಹೇಳುವುದು ಕಾರ್ಖಾನೆಯಿಂದ ಹೊರಟ ದಿನದ ವಿಮಾನವನ್ನು. ಆಮೇಲೆ ಅದನ್ನು ಎಷ್ಟು ಜನ ತರಬೇತಿ ಹುಡುಗರು ನೆಲಕ್ಕೆ ಕುಕ್ಕಿದ್ದಾರೆ, ಎಷ್ಟು ಸಲ ರಿಪೇರಿಯಾಗಿದೆ! ಸ್ಪಾರ್‌ನ ವಿಷಯ ಇನ್ನೂ ಸೂಕ್ಷ್ಮ. ಅದನ್ನು ಉದ್ದಕ್ಕೂ ಕೆತ್ತಿ ಹಗುರ ಮಾಡಿರುತ್ತಾರೆ, ಬೋಲ್ಟ್ ಹಾಯುವ ಕಡೆ ಮಾತ್ರ ಗಟ್ಟಿಯಾಗಿ ಬಿಟ್ಟಿರುತ್ತಾರೆ. ಆ ತೂತುಗಳು ಲೋಹದ ಫಿಟ್ಟಿಂಗಿನ ತೂತುಗಳಿಗೆ ಕೂದಲೆಳೆಯಷ್ಟೂ ತಪ್ಪದೆ ಹೊಂದಬೇಕು. ಹಳೆಯ ಸ್ಪಾರ್ ಪಕ್ಕದಲ್ಲಿದ್ದರೆ ಅಳತೆ ಅದರಿಂದಲೇ ಸಿಗುತ್ತದೆ. ಇಲ್ಲದಿದ್ದರೆ ಮತ್ತೊಂದು ವಿಮಾನದಿಂದ ಪಡೆಯಬೇಕು. ನಮಗೆ ಬಲರೆಕ್ಕೆಯೂ ಇರಲಿಲ್ಲ. ಕೊನೆಯದಾಗಿ, ಮರದ ಮೇಲೆ ಬಿಡಿಭಾಗದ ಸಂಖ್ಯೆ, ತಪಾಸಣೆಯವರ ಮುದ್ರೆ ಇರುತ್ತವೆ. ಅವು ಆ ರೆಕ್ಕೆಯ ಜಾತಕ. ಅದನ್ನು ನಾನು ಒಲೆಗೆ ಹಾಕಿದ್ದೆ.

ಹೊಸ ರೆಕ್ಕೆಗಳನ್ನು ಹೊರದೇಶದಲ್ಲಿ ಮಾಡಿಸಲು ಬೆಲೆ ಕೇಳಿದೆವು. ಒಂದು ವರ್ಷದ ಕಾಫಿ ಫಸಲು ಪೂರ್ತಿ ಮಾರಿದರೂ ಸಾಲುತ್ತಿರಲಿಲ್ಲ. ಒಡಲು ಈಗ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿದೆ. ಹುಡುಗರು ಅದರಿಂದ ಕಲಿಯುತ್ತಾರೆ, ಅಷ್ಟು ಸಮಾಧಾನ. ಚಿಕ್ಕಪ್ಪ ಒಂದು ದಿನವೂ ನನ್ನನ್ನು ಬೈಯಲಿಲ್ಲ. ನಾನು ಆಮೇಲೆ ಮರದ ರೆಕ್ಕೆಯ ಕೆಲಸವನ್ನೇ ಕಲಿತೆ.

ಎಚ್‌ಎಎಲ್ ಹಳೆಯ ಲಿಬರೇಟರ್ ಬಾಂಬರ್‌ಗಳನ್ನು ರಿಪೇರಿ ಮಾಡಿ ಹಾರಿಸಲಿಲ್ಲವೇ ಎಂದು ಬರೆದಿದ್ದೀರಿ. ಹಾರಿಸಿತು, ಕನ್ನಡನಾಡಿನಲ್ಲಿ ನಡೆದ ಅಷ್ಟು ದೊಡ್ಡ ಸಾಹಸ ನೆನೆದರೆ ನನಗೂ ಮೈ ನವಿರೇಳುತ್ತದೆ. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಕೆಡಿಸಿ ಬಿಟ್ಟುಹೋಗಿದ್ದ ಬಾಂಬರ್‌ಗಳನ್ನು ಅಲ್ಲೇ ಹಾರುವಷ್ಟು ಮಟ್ಟಿಗೆ ರಿಪೇರಿ ಮಾಡಿ, ಜಮ್ಷೆಡ್ ಮುನ್ಷಿ ಎಂಬ ಪೈಲಟ್ ಒಂದೊಂದಾಗಿ ಬೆಂಗಳೂರಿಗೆ ತಂದರು. 1948ರಿಂದ ಅವು ವಾಯುಪಡೆ ಸೇರಿದವು, 1968ರವರೆಗೆ ಹಾರಿದವು. ಆದರೆ ಆ ಉದಾಹರಣೆ ನಿಮಗೆ ಹೊಂದುವುದಿಲ್ಲ. ಅವು ಅಲ್ಯೂಮಿನಿಯಂ ವಿಮಾನಗಳು. ಒಂದರದು ಕೆಟ್ಟರೆ ಇನ್ನೊಂದರದು ಬಿಚ್ಚಲು ಸಾಲುಸಾಲಾಗಿ ನಿಂತಿದ್ದವು. ರಿಪೇರಿ ಮಾಡಿದವರು ಯುದ್ಧದ ವರ್ಷಗಳಲ್ಲಿ ಅಮೆರಿಕದ ವಿಮಾನಗಳನ್ನು ಬೆಂಗಳೂರಿನಲ್ಲೇ ದುರಸ್ತಿ ಮಾಡಿ ಕೈ ಪಳಗಿದ್ದ ಸಂಸ್ಥೆಯವರು. ನಿಮ್ಮ ಬಳಿ ಇರುವುದು ಮರದ ರೆಕ್ಕೆಯ ಒಂದೇ ವಿಮಾನ, ಅದೂ ಮಲೆನಾಡಿನಲ್ಲಿ. 2018ರಲ್ಲಿ ದಿಲ್ಲಿ ಹತ್ತಿರದ ಹಿಂಡನ್ ವಾಯುನೆಲೆಗೆ ಬಂದ ನಮ್ಮ ವಾಯುಪಡೆಯ ಹಳೆಯ ಸಾಗಣೆ ವಿಮಾನ ಡಕೋಟಾ 'ಪರಶುರಾಮ' ಕೂಡ ಸಿದ್ಧವಾದದ್ದು ಬ್ರಿಟನ್ನಿನಲ್ಲಿ. ಈ ವಿದ್ಯೆ ನಮ್ಮಲ್ಲಿ ಮತ್ತೆ ಬೆಳೆಯಬೇಕು ಎಂಬುದು ನನ್ನ ಗಟ್ಟಿ ಆಸೆ, ಆದರೆ ಇನ್ನೂ ಬೆಳೆದಿಲ್ಲ.

ತೇವದ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಆ ಕಾಲದ ಮರದ ವಿಮಾನಗಳಲ್ಲಿ ಹಾಲಿನ ಕೇಸಿನ್‌ನಿಂದ ಮಾಡಿದ ಅಂಟನ್ನೂ ಬಳಸುತ್ತಿದ್ದರು. ಒದ್ದೆಯಾದರೆ ಅದಕ್ಕೆ ಬೂಷ್ಟು ಹಿಡಿಯುತ್ತದೆ, ಬಲ ಹೋಗುತ್ತದೆ. 1944ರ ಕೊನೆಯಲ್ಲಿ ಭಾರತ–ಬರ್ಮಾ ರಂಗದಲ್ಲಿ ಮರದಿಂದ ಮಾಡಿದ ಮಾಸ್ಕಿಟೋ ಯುದ್ಧವಿಮಾನಗಳ ರೆಕ್ಕೆ ಹಾರಾಟದಲ್ಲೇ ಮುರಿದು, ಅವುಗಳನ್ನು ನೆಲದಲ್ಲೇ ನಿಲ್ಲಿಸಬೇಕಾಯಿತು. ಅಂಟಿನ ಕೀಲುಗಳಲ್ಲಿ ಕಾರ್ಖಾನೆಯ ದೋಷಗಳೂ ಕಂಡುಬಂದಿದ್ದವು. ಅವು ಆಗ ಹೊಸ ವಿಮಾನಗಳು. ಕಾಫಿ ಬೀಜದ ತೇವಾಂಶವನ್ನು ಯಂತ್ರ ಹಿಡಿದು ಅಳೆಯುವ ಊರಿನವರು ನಾವು, ಅದೇ ಶ್ರದ್ಧೆ ಈ ಮರಕ್ಕೂ ಬೇಕು.

ತೋಟದ ಸಿಲ್ವರ್ ಓಕ್ ಕೊಯ್ದು ಸ್ಪಾರ್ ಮಾಡಬಹುದೇ ಎಂಬ ನಿಮ್ಮ ಇನ್ನೊಂದು ಪ್ರಶ್ನೆಗೆ ಉತ್ತರ: ಕೂಡದು. ವಿಮಾನದರ್ಜೆಯ ಸ್ಪ್ರೂಸ್‌ನಲ್ಲೇ ಎಳೆಯ ಓರೆ ಹದಿನೈದು ಇಂಚಿಗೆ ಒಂದು ಇಂಚು ಮೀರಿದರೆ ಹಲಗೆಯನ್ನು ತಿರಸ್ಕರಿಸುತ್ತಾರೆ. ಇದರಲ್ಲಿ ಜುಗಾಡ್ ನಡೆಯುವುದಿಲ್ಲ, ಮೇಲೆ ಕೂರುವುದು ಮನುಷ್ಯ.

ಹಾಗಾಗಿ ಜೂನ್ ಹತ್ತಿರವಾಗುವ ಮುಂಚೆ ಎಲ್ಲವನ್ನೂ ಅರಸೀಕೆರೆ ಕಡೆಗೆ ಸಾಗಿಸಿ. ಅದೇ ಹಾಸನ ಜಿಲ್ಲೆ, ಆದರೆ ಒಣ ಸೀಮೆ. ಸಾಗಿಸುವ ಮುಂಚೆ ಪ್ರತಿ ತುಂಡಿನ ಫೋಟೊ ತೆಗೆದು ಚೀಟಿ ಕಟ್ಟಿ, ಪುಡಿಯಾದದ್ದನ್ನೂ ಬಟ್ಟೆಯಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಟಾರ್ಪಾಲಿನ್ ಹೊದಿಸಬೇಡಿ, ಒಳಗೇ ಬೆವರುತ್ತದೆ. ಒಲೆಯ ಮೇಲಿನ ಅಟ್ಟಕ್ಕೆ ಏರಿಸಬೇಡಿ, ಬೇಗ ಒಣಗಿದರೆ ಅಂಟಿನ ಕೀಲು ಬಿಡುತ್ತದೆ. ತಾತನ ಪೆಟ್ಟಿಗೆ, ಕಪಾಟು ಎಲ್ಲ ಜಾಲಾಡಿ, ವಿಮಾನದ ಹಾರಾಟ, ರಿಪೇರಿ ಬರೆದಿಡುವ ಲಾಗ್ ಪುಸ್ತಕ ಹುಡುಕಿ. ಹಾರಾಟದ ಅನುಮತಿ ಕೊಡುವ ಡಿಜಿಸಿಎ ಮುಂದೆ ಹೋಗುವ ದಿನ ಬಂದರೆ ನಿಮ್ಮ ಪರವಾಗಿ ಮಾತನಾಡುವುದು ಅದೇ. ಆಮೇಲೆ ಒಂದೇ ಒಂದು ರಿಬ್ ಮಾಡಿ, ಪರವಾನಗಿ ಇರುವ ಇಂಜಿನಿಯರ್‌ಗೆ ತೋರಿಸಿ. ಅವರು ಒಪ್ಪಿದ ಮೇಲೆ ಇಂಜಿನ್ ವಿಚಾರ ಮಾತನಾಡೋಣ. ಲಾರಿ ಗೊತ್ತುಮಾಡಿದ ದಿನ ಇಲ್ಲೇ ಒಂದು ಸಾಲು ಬರೆಯಿರಿ, ರೆಕ್ಕೆ ಇಳಿಸುವಾಗ ಎಲ್ಲಿ ಹಿಡಿಯಬೇಕು ಎಂದು ತೋರಿಸಲು ನಾನು ಬರುತ್ತೇನೆ.