ಎಚ್‌ಎಫ್ ಹಸು ಎರಡು ಸೂಲಿಗೇ ಮುಗಿಯದಿರಲು ಯಾವ ಹೋರಿಯ ಕಡ್ಡಿ?

ಪುಣೆ ಹತ್ತಿರ ಉರುಳಿ ಕಾಂಚನ್ ಕಡೆ ಹದಿನೈದು ಎಚ್‌ಎಫ್ (ಹಾಲ್‌ಸ್ಟೀನ್ ಫ್ರೀಷಿಯನ್) ಮಿಶ್ರತಳಿ ಹಸು ಕಟ್ಟಿದ್ದೀರಿ, ಎರಡು ಮೂರು ಸೂಲಿಗೇ ಒಂದೊಂದಾಗಿ ಹೋಗುತ್ತಿವೆ, ಬಾಳಿಕೆ ಬರುವ ತಳಿಯ ವೀರ್ಯಕಡ್ಡಿ ಯಾವುದು ಅಂತ ಕೇಳಿದ್ದೀರಿ.

ಕಡ್ಡಿಗಿಂತ ಮೊದಲು ಒಂದು ನೋಟ್‌ಬುಕ್ ಇಡಿ. ‘ಮಾರಿದೆ’ ಅನ್ನುವುದು ಕಾರಣವಲ್ಲ. ಗಬ್ಬ ನಿಲ್ಲಲಿಲ್ಲವೋ, ಕೆಚ್ಚಲು ಬಾವೋ, ಗೊರಸೋ, ಹಾಲು ಸಾಲಲಿಲ್ಲವೋ, ಕಿವಿ ಟ್ಯಾಗಿನ 12 ಅಂಕಿಯ ಎದುರು ಬರೆದಿಡಿ. ಹಾಲು ಕಡಿಮೆ ಅಂತ ನೀವೇ ತೆಗೆದದ್ದು ಬೇರೆ ಲೆಕ್ಕ. ಹಾಲಿದ್ದೂ ಕೈತಪ್ಪಿದ ಹಸುಗಳೇ ಇಲ್ಲಿ ಮುಖ್ಯ.

ಬಾಳಿಕೆ ರಕ್ತದಲ್ಲಿ ಇಳಿದು ಬರುವುದು ಬಹಳ ಕಡಿಮೆ. ಅಮೆರಿಕದ ಹಾಲ್‌ಸ್ಟೀನ್ ಲೆಕ್ಕದಲ್ಲಿ ಅದರ ಅನುವಂಶೀಯತೆ ಸುಮಾರು ಶೇ. 8. ಉಳಿದದ್ದು ಬಹುಪಾಲು ಮೇವು, ನೆಲ, ಬಿಸಿಲು. ಹತ್ತು ಸೂಲು ಕಂಡ ಒಂದು ಅಜ್ಜಿ ಹಸುವಿನ ಕರುಗಳನ್ನೆಲ್ಲ ಉಳಿಸಿಕೊಂಡರೆ ಗಿಟ್ಟುವುದು ಅಷ್ಟಕ್ಕಷ್ಟೆ. ಹೋರಿಯನ್ನು ಅಳೆಯಬೇಕಾದರೆ ಅದರ ಹೆಣ್ಣುಮಕ್ಕಳ ದೊಡ್ಡ ಹಿಂಡಿನ ದಾಖಲೆ ಬೇಕು, ಅವು ಎಷ್ಟು ಬಾಳಿದವು ಅಂತ ಗೊತ್ತಾಗುವಷ್ಟರಲ್ಲಿ ಹೋರಿಗೇ ವಯಸ್ಸಾಗಿರುತ್ತದೆ.

ಅದಕ್ಕೇ ಮೊದಲ ಸೂಲಿನಲ್ಲೇ ಕಣ್ಣಿಗೆ ಬೀಳುವ ಗುಣ ಹಿಡಿಯಬೇಕು. ಕೆಚ್ಚಲ ತಳ ಹಿಂಗಾಲ ಗಂಟಿಗಿಂತ ಚೆನ್ನಾಗಿ ಮೇಲಿರಲಿ; ಜೋತಾಡುವ ಕೆಚ್ಚಲು ಕೆಸರು ಮುಟ್ಟುತ್ತದೆ, ತುಳಿತಕ್ಕೆ ಸಿಗುತ್ತದೆ, ಮೂರನೇ ಸೂಲಿಗೆ ಬಾವು ಬರುತ್ತದೆ. ಅಮೆರಿಕದಿಂದ ಆಮದಾದ ಕಡ್ಡಿಯಾದರೆ ಹೋರಿಗಳ ಪಟ್ಟಿಯಲ್ಲಿ ‘ಪ್ರೊಡಕ್ಟಿವ್ ಲೈಫ್’, ಅಂದರೆ ಹೆಣ್ಣುಮಕ್ಕಳ ಬಾಳಿಕೆಯ ಅಂಕಿ, ನೋಡಿ. ಅದು ತಿಂಗಳ ಲೆಕ್ಕ: +5 ಇರುವ ಹೋರಿಯ ಹೆಣ್ಣುಮಕ್ಕಳು ಸೊನ್ನೆಯ ಹೋರಿಯವಕ್ಕಿಂತ ಸರಾಸರಿ ಐದು ತಿಂಗಳು ಹೆಚ್ಚು ಹಿಂಡಿನಲ್ಲಿ ನಿಲ್ಲಬೇಕು ಅನ್ನುವ ಅಂದಾಜು. ಜೊತೆಗೆ ‘ಡಾಟರ್ ಪ್ರೆಗ್ನೆನ್ಸಿ ರೇಟ್’ (ಹೆಣ್ಣುಮಕ್ಕಳು ಗಬ್ಬ ನಿಲ್ಲುವ ಅಂಕಿ) ಸೊನ್ನೆಗಿಂತ ಮೇಲೆ, ‘ಸೊಮ್ಯಾಟಿಕ್ ಸೆಲ್ ಸ್ಕೋರ್’ (ಕೆಚ್ಚಲು ಬಾವಿನ ಸುಳಿವು ಕೊಡುವ, ಹಾಲಿನ ಜೀವಕೋಶಗಳ ಅಂಕಿ) 3ಕ್ಕಿಂತ ಕೆಳಗೆ ಇರಲಿ. ಹಾಲಿನ ಅಂಕಿ ಮಾತ್ರ ದೊಡ್ಡದಿದ್ದು ಈ ಮೂರೂ ಸೊರಗಿದ್ದರೆ ನಾನಂತೂ ಅಂಥ ಕಡ್ಡಿ ಮುಟ್ಟುವುದಿಲ್ಲ. ಇವೆಲ್ಲ ಅಮೆರಿಕದ ಕೊಟ್ಟಿಗೆಯ ಅಂಕಿಗಳು, ಪುಣೆಯ ಏಪ್ರಿಲ್ ಅವಕ್ಕೆ ಗೊತ್ತಿಲ್ಲ.

ನಿಮ್ಮಲ್ಲಿ ಎಡವಟ್ಟು ಬಹುಶಃ ಇಲ್ಲೇ ಇದೆ: ಅರ್ಧ ಎಚ್‌ಎಫ್ ರಕ್ತದ ಹಸುವಿಗೆ ಶುದ್ಧ ಎಚ್‌ಎಫ್ ಕಡ್ಡಿ ಹಾಕಿದರೆ ಕರುವಿನಲ್ಲಿ ಎಚ್‌ಎಫ್ ರಕ್ತ ಶೇ. 75, ಮತ್ತೆ ಹಾಕಿದರೆ 87.5. ಆಗ ಬಿಸಿಲಿಗೆ ಏದುಸಿರು, ಉಣ್ಣೆ ಜ್ವರ, ಬೆದೆ ಮಂಕು. ನಮ್ಮ ಹವೆಗೆ ಶೇ. 50ರಿಂದ 62.5 ಸಾಕು. ಶೇ. 75ರ ಹಸುವಿಗೆ ಅರ್ಧ ರಕ್ತದ ಮಿಶ್ರತಳಿ ಹೋರಿಯ ಕಡ್ಡಿ ಹಾಕಿಸಿದರೆ ಕರು ಸರಿಯಾಗಿ 62.5ಕ್ಕೆ ಬರುತ್ತದೆ. ಪಶುಪಾಲನೆಯಲ್ಲಿ ಕೆಲಸ ಮಾಡುವ ಬೈಫ್ ಸಂಸ್ಥೆಯ ವೀರ್ಯ ಕೇಂದ್ರ ನಿಮ್ಮ ಪಕ್ಕದಲ್ಲೇ ಇದೆ, ವಿಚಾರಿಸಿ.

ಗೊರಸಿನಿಂದಲೇ ಹೆಚ್ಚು ಹಸು ಹೋಗುತ್ತಿದ್ದರೆ ಕಡ್ಡಿ ಬದಲಿಸುವ ಮೊದಲು ಕಾಂಕ್ರೀಟು ಬಿಟ್ಟು ಮಣ್ಣಿನ ‘ಮುಕ್ತ ಗೋಠಾ’ (ಹಸುಗಳನ್ನು ಕಟ್ಟದೆ ಬಿಡುವ ಕೊಟ್ಟಿಗೆ) ಮಾಡಿ.

ಡಾಕ್ಟರು ಖಾಲಿ ಕಡ್ಡಿ ಎಸೆಯುವ ಮುಂಚೆ ಅದರ ಮೇಲಿನ ಹೋರಿ ನಂಬರ್ ಬರೆದುಕೊಳ್ಳಿ. ಇಲ್ಲದಿದ್ದರೆ ಎರಡು ವರ್ಷ ಬಿಟ್ಟು ಅದೇ ಹೋರಿಯ ಕಡ್ಡಿ ಅದರ ಮಗಳಿಗೇ ಬೀಳುತ್ತದೆ.